ಬಿಸಿಲು ಬಂದರೆ ಸ್ಟಾರ್ಟ್ ಆಗುವ ಕಾರು

ಡಿಸೆಂಬರ್ ತಿಂಗಳ ಒಂದು ಬೆಳಗಿನ ಜಾವ, ಐದು ಗಂಟೆ. ಅಪ್ಪ ಕಾರಿನ ಹಿಂದಿನ ಸೀಟು ಮಡಚಿ, ಬಟ್ಟೆಯ ಗಂಟುಗಳನ್ನು ತುಂಬಿ, ಕೀಲಿ ತಿರುಗಿಸಿದರು. ಸೆಲ್ಫ್ ಹೊಡೆಯಿತು, ಎಂಜಿನ್ ಹತ್ತಲಿಲ್ಲ. ಎರಡನೇ ಸಲ, ಮೂರನೇ ಸಲ, ಅದೇ ಕಥೆ. ಅಪ್ಪ ಬೇಸರ ಮಾಡಿಕೊಳ್ಳದೆ ಕಾರಿನ ಮೂತಿ ಪೂರ್ವಕ್ಕೆ ಬರುವಂತೆ ನನ್ನ ಕೈಯಲ್ಲಿ ತಳ್ಳಿಸಿದರು. ‘ಇರ್ಲಿ ಬಿಡು, ಬಿಸಿಲು ಬಂದ್ರೆ ಸ್ಟಾರ್ಟ್ ಆಗುತ್ತೆ’ ಎಂದು ಒಳಗೆ ಬಂದು ಚಹಾ ಲೋಟ ಹಿಡಿದು ಕುಳಿತರು.

ನನಗೆ ನಗು ತಡೆಯಲಾಗಲಿಲ್ಲ. ‘ಅದೇನು ಎಮ್ಮೆನಾ ಅಪ್ಪಾ, ಬಿಸಿಲು ಕಾಯ್ಸೋಕೆ?’ ಎಂದೆ. ಎಲೆಕ್ಟ್ರಾನಿಕ್ಸ್ ಬಿ.ಇ. ಐದನೇ ಸೆಮಿಸ್ಟರ್ ಓದುತ್ತಿರುವ ಮಗನಲ್ಲವೇ ನಾನು! ಅಪ್ಪ ಏನೂ ಹೇಳಲಿಲ್ಲ. ಒಂಬತ್ತೂವರೆಗೆ ಹೋಗಿ ಕೀಲಿ ತಿರುಗಿಸಿದರು. ಒಂದೇ ಏಟಿಗೆ ಸ್ಟಾರ್ಟ್! ಆದರೆ ಅಷ್ಟು ಹೊತ್ತಿಗೆ ಸಂತೆಯಲ್ಲಿ ಅವರು ಗಂಟು ಬಿಚ್ಚುವ ಜಾಗ ಬೇರೆಯವರ ಪಾಲಾಗಿತ್ತು.

ಆ ಮಾತನ್ನು ನಾನು ಅಂದೇ ಕಿವಿಗೆ ಹಾಕಿಕೊಂಡಿದ್ದರೆ ಎರಡು ತಿಂಗಳ ಪರದಾಟವೂ, ಸುಮಾರು ಏಳು ಸಾವಿರ ರೂಪಾಯಿಯೂ ಉಳಿಯುತ್ತಿದ್ದವು. ಈ ಬರಹ ಅದರ ಬಗ್ಗೆಯೇ.

ಡ್ಯಾಶ್‌ಬೋರ್ಡ್ ಹಿಂದಿನ ಡಬ್ಬ

ನಮ್ಮದು 2003ರ ಪೆಟ್ರೋಲ್ ಕಾರು. ನನಗಿಂತ ಎರಡು ವರ್ಷಕ್ಕೆ ದೊಡ್ಡದು. ಅಪ್ಪ ದಾವಣಗೆರೆಯಿಂದ ಸುತ್ತಲಿನ ಊರುಗಳಿಗೆ ವಾರಕ್ಕೆ ನಾಲ್ಕು ಸಂತೆ ಮಾಡುತ್ತಾರೆ. ಮಕ್ಕಳ ಬಟ್ಟೆ, ಲುಂಗಿ, ಟವೆಲ್ಲು ಎಲ್ಲ ಈ ಕಾರಿನಲ್ಲೇ. ಕಾರು ನಿಂತರೆ ಬಸ್ಸು. ಬಸ್ಸಿನಲ್ಲಿ ಆರು ಗಂಟಿನ ಬದಲು ಎರಡೇ ಗಂಟು. ಎರಡೇ ಗಂಟು ಎಂದರೆ ವ್ಯಾಪಾರವೂ ಅಷ್ಟಕ್ಕಷ್ಟೇ.

ಹಳೆಯ ಕಾರುಗಳಲ್ಲಿ ಪೆಟ್ರೋಲು ಮತ್ತು ಗಾಳಿಯನ್ನು ಬೆರೆಸುತ್ತಿದ್ದುದು ಕಾರ್ಬ್ಯುರೇಟರ್. ಅದರಲ್ಲಿ ಎಲೆಕ್ಟ್ರಾನಿಕ್ಸ್ ಇರಲಿಲ್ಲ. ಹೊಗೆಯ ನಿಯಮಗಳು ಬಿಗಿಯಾದಂತೆ ಆ ಕೆಲಸ ಒಂದು ಪುಟ್ಟ ಕಂಪ್ಯೂಟರಿನ ಪಾಲಾಯಿತು. ನಮ್ಮ ದೇಶದಲ್ಲಿ 2000ನೇ ಇಸವಿಯಿಂದ ಹೊಸ ನಿಯಮಗಳು ಬಂದ ಮೇಲೆ ಕಾರುಗಳ ಹಿಂಬದಿಯಲ್ಲಿ ‘ಎಂಪಿಎಫ್‌ಐ’ ಎಂಬ ಅಕ್ಷರಗಳು ಹೆಮ್ಮೆಯಿಂದ ಕಾಣಿಸಿಕೊಳ್ಳತೊಡಗಿದವು. ಪ್ರತಿ ಸಿಲಿಂಡರಿಗೂ ಒಂದೊಂದು ಇಂಜೆಕ್ಟರ್, ಎಲ್ಲವನ್ನೂ ಆಳುವುದಕ್ಕೆ ಒಂದು ಇಸಿಯು, ಅಂದರೆ ಎಂಜಿನ್ ಕಂಟ್ರೋಲ್ ಯೂನಿಟ್. ಗ್ಯಾರೇಜಿನವರ ಬಾಯಲ್ಲಿ ಅದು ಬರೀ ‘ಕಂಪ್ಯೂಟರ್’. ಹೊರದೇಶಗಳಲ್ಲಿ ಇದು ಇನ್ನೂ ಹಳೆಯದು. ಪೆಟ್ರೋಲ್ ಇಂಜೆಕ್ಷನ್ ಮತ್ತು ಇಗ್ನಿಷನ್ ಎರಡನ್ನೂ ಒಂದೇ ಡಬ್ಬದಿಂದ ನಡೆಸುವ ಬಾಷ್ ಕಂಪನಿಯ ಮೋಟ್ರಾನಿಕ್ 1979ರಲ್ಲೇ ಬಿಎಂಡಬ್ಲ್ಯು ಕಾರಿನಲ್ಲಿ ಬಂದಿತ್ತು.

ಈ ಡಬ್ಬದ ಕೆಲಸ ಕೇಳಿದರೆ ಅಚ್ಚರಿಯಾಗುತ್ತದೆ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಒಂದು ಸುತ್ತಿಗೆ ಸಿಗುವ ಸಮಯ 20 ಮಿಲಿಸೆಕೆಂಡು. ಅಷ್ಟರೊಳಗೆ ಇಸಿಯು ಕ್ರ್ಯಾಂಕ್ ಎಲ್ಲಿದೆ, ನೀರು ಎಷ್ಟು ಬಿಸಿ, ಎಷ್ಟು ಗಾಳಿ ಒಳಬರುತ್ತಿದೆ ಎಂದೆಲ್ಲ ಸೆನ್ಸರುಗಳಿಂದ ತಿಳಿದು, ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿರಬೇಕು, ಕಿಡಿ ಯಾವ ಕ್ಷಣಕ್ಕೆ ಹಾರಬೇಕು ಎಂದು ತೀರ್ಮಾನಿಸಬೇಕು. ಒಂದು ಗ್ರಾಂ ಪೆಟ್ರೋಲಿಗೆ 14.7 ಗ್ರಾಂ ಗಾಳಿ ಎಂಬ ಲೆಕ್ಕವನ್ನು ಆದಷ್ಟು ಕಾಪಾಡಬೇಕು.

ಕೀಲಿಯನ್ನು ‘ಆನ್’ ಸ್ಥಾನಕ್ಕೆ ತಂದಾಗ ಇಸಿಯು ಎಚ್ಚರವಾಗುತ್ತದೆ. ಎಚ್ಚರವಾಯಿತು ಎನ್ನುವುದಕ್ಕೆ ಎರಡು ಗುರುತು. ಮೀಟರ್ ಬೋರ್ಡಿನಲ್ಲಿ ಎಂಜಿನ್ ಚಿತ್ರದ ಚೆಕ್ ಲೈಟ್ ಹೊತ್ತಿಕೊಳ್ಳುತ್ತದೆ. ಹಿಂದಿನ ಸೀಟಿನ ಕಡೆಯಿಂದ ಪೆಟ್ರೋಲ್ ಪಂಪಿನ ‘ಜುಯ್’ ಎಂಬ ಸದ್ದು ಒಂದೆರಡು ಸೆಕೆಂಡ್ ಕೇಳಿ ನಿಲ್ಲುತ್ತದೆ. ನಮ್ಮ ಕಾರು ಹತ್ತದ ಬೆಳಗಿನಲ್ಲಿ ಈ ಎರಡೂ ಇರುತ್ತಿರಲಿಲ್ಲ. ಅದನ್ನು ನಾನು ಗಮನಿಸಲೇ ಇಲ್ಲ.

ಗ್ಯಾರೇಜಿನವರದೂ ತಪ್ಪಲ್ಲ. ಬೆಳಿಗ್ಗೆ ಹತ್ತರ ನಂತರ ಅವರ ಬಾಗಿಲು ತೆರೆಯುತ್ತಿತ್ತು. ಅಷ್ಟು ಹೊತ್ತಿಗೆ ಕಾರು ಒಳ್ಳೆಯ ಹುಡುಗನಂತೆ ಸ್ಟಾರ್ಟ್ ಆಗುತ್ತಿತ್ತು. ಇಲ್ಲದ ರೋಗಕ್ಕೆ ಅವರು ಏನು ಮದ್ದು ಕೊಟ್ಟಾರು? ಸ್ಪಾರ್ಕ್ ಪ್ಲಗ್ ಬದಲಾಯಿತು, ಫ್ಯೂಯಲ್ ಫಿಲ್ಟರ್ ಬದಲಾಯಿತು, 2,800 ರೂಪಾಯಿ ಖರ್ಚಾಯಿತು. ಸಂಕ್ರಾಂತಿ ಕಳೆದ ವಾರ ಕಾರು ಪೂರ್ತಿ ಕೈಕೊಟ್ಟಿತು. ಮಧ್ಯಾಹ್ನದ ಬಿಸಿಲಿಗೂ ಹತ್ತಲಿಲ್ಲ. ಆಗ ಮೆಕ್ಯಾನಿಕ್ ಮನೆಗೇ ಬಂದು ನೋಡಿ, ‘ಕಂಪ್ಯೂಟರ್ ಹೋಗಿದೆ ಅಣ್ಣ’ ಎಂದರು. ಹೊಸದಕ್ಕೆ 22 ಸಾವಿರ, ಅದೂ ಆರ್ಡರ್ ಹಾಕಿ ಕಾಯಬೇಕು. ಹಳೆ ಕಾರು ಕೊಳ್ಳುವವರು ಇಡೀ ಕಾರಿಗೆ ಕೊಡುತ್ತೇನೆಂದಿದ್ದು 28 ಸಾವಿರ.

‘ಕೊಟ್ಟು ಕೈತೊಳ್ಕೊಳ್ಳೋಣ’ ಎಂದರು ಅಪ್ಪ. ‘ಒಂದು ವಾರ ಕೊಡಿ’ ಎಂದೆ ನಾನು.

ನಾಲ್ಕು ಸಾವಿರದ ಪಾಠ

ಮೊದಲು ಗೆಳೆಯನ ಬ್ಲೂಟೂತ್ ಸ್ಕ್ಯಾನರ್ ತಂದೆ. ಮೊಬೈಲಿನಲ್ಲಿ ದೋಷದ ಕೋಡ್ ತೋರಿಸುವ ಪುಟ್ಟ ಸಾಧನ ಅದು. ಅಮೆರಿಕದಲ್ಲಿ 1996ರಿಂದಲೇ ಎಲ್ಲ ಕಾರುಗಳಿಗೂ ಒಂದೇ ಬಗೆಯ ತಪಾಸಣೆ ಪ್ಲಗ್ ಕಡ್ಡಾಯವಾಗಿತ್ತು. ನಮ್ಮ ಕಾರಿನಲ್ಲಿದ್ದುದು ಅದಲ್ಲ, ಸ್ಕ್ಯಾನರ್ ಸಿಕ್ಕಿಸಲು ಜಾಗವೇ ಇರಲಿಲ್ಲ. ಇದ್ದಿದ್ದರೂ ಪ್ರಯೋಜನವಿರಲಿಲ್ಲ. ಕೋಡ್ ಹೇಳಬೇಕಾದದ್ದು ಇಸಿಯು. ಅದೇ ಎಚ್ಚರ ತಪ್ಪಿ ಮಲಗಿರುವಾಗ ಯಾರನ್ನು ಕೇಳುವುದು?

ಆಮೇಲೆ ವಿಡಿಯೊಗಳನ್ನು ನೋಡಿ ಧೈರ್ಯ ತಂದುಕೊಂಡು ರೈಲು ಹತ್ತಿ ಬೆಂಗಳೂರಿಗೆ ಹೋದೆ. ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಅರ್ಧ ದಿನ ಅಲೆದು, ನಮ್ಮದರಂತೆಯೇ ಕಾಣುವ ಹಳೆಯ ಇಸಿಯು ಹಿಡಿದೆ. ಅದೇ ಅಳತೆ, ಅದೇ ಪ್ಲಗ್, ಬೆಲೆ ನಾಲ್ಕು ಸಾವಿರ. ‘ನಂಬರ್ ಪೂರ್ತಿ ನೋಡ್ಕೊಳಿ, ವಾಪಸ್ ತಗಳಲ್ಲ’ ಎಂದು ಅಂಗಡಿಯವರು ಎರಡು ಸಲ ಹೇಳಿದ್ದರು. ಪಾರ್ಟ್ ನಂಬರಿನ ಕೊನೆಯ ಎರಡು ಅಕ್ಷರ ಬೇರೆ ಇದ್ದವು. ‘ಎರಡಕ್ಷರದಿಂದ ಏನಾಗುತ್ತೆ’ ಎಂದುಕೊಂಡೆ.

ಆಯಿತು. ಮನೆಗೆ ತಂದು ಹಾಕಿದಾಗ ಚೆಕ್ ಲೈಟ್ ಬಂತು, ಪಂಪಿನ ಸದ್ದೂ ಬಂತು. ಅಮ್ಮ ದೇವರ ಮುಂದೆ ಕೈಮುಗಿದರು. ಅಷ್ಟೇ. ಲೈಟು ಮಿಣುಕತೊಡಗಿತು, ಎಂಜಿನ್ ಹತ್ತಲಿಲ್ಲ. ನಮ್ಮ ಕಾರಿನ ಕೀಲಿಯ ತಲೆಯೊಳಗೆ ಒಂದು ಚಿಪ್ ಇದೆ. ಕಳ್ಳತನ ತಡೆಯುವ ಇಮ್ಮೊಬಿಲೈಜರ್ ವ್ಯವಸ್ಥೆ ಅದು. ಚಿಪ್ಪಿನ ಗುರುತನ್ನು ಇಸಿಯು ಒಪ್ಪಿದರೆ ಮಾತ್ರ ಎಂಜಿನ್ ಶುರು. ಬೇರೆ ಕಾರಿನಿಂದ ಕಿತ್ತು ತಂದ ಇಸಿಯುಗೆ ನಮ್ಮ ಕೀಲಿ ಕಳ್ಳನ ಕೀಲಿಯೇ.

ಆ ರಾತ್ರಿ ಊಟ ಸೇರಲಿಲ್ಲ. ನಾಲ್ಕು ಸಾವಿರ ಎಂದರೆ ಅಪ್ಪನಿಗೆ ಎಷ್ಟು ಸಂತೆಯ ಲಾಭ ಎಂದು ನನಗೆ ಗೊತ್ತಿತ್ತು. ಮರುದಿನ ಅವರು ಎರಡು ಗಂಟು ಹೊತ್ತು ಬಸ್‌ಸ್ಟ್ಯಾಂಡಿಗೆ ನಡೆದರು.

ಯಾವಾಗ ಎಂಬ ಪ್ರಶ್ನೆ

ನಮ್ಮ ಬೀದಿಯ ಮೂಲೆಯಲ್ಲಿ ಒಂದು ಟಿ.ವಿ. ರಿಪೇರಿ ಅಂಗಡಿ ಇದೆ. ಡಬ್ಬ ಟಿ.ವಿ.ಗಳ ಕಾಲದಿಂದಲೂ ಅಲ್ಲೇ ಕುಳಿತಿರುವ ಅಂಕಲ್ ಈಗ ಇನ್ವರ್ಟರ್ ಬೋರ್ಡು, ಎಲ್‌ಇಡಿ ಬಲ್ಬು ರಿಪೇರಿ ಮಾಡುತ್ತಾರೆ. ನಮ್ಮ ಸತ್ತ ಇಸಿಯು ಹಿಡಿದು ಅವರ ಬಳಿ ಹೋದೆ. ಅವರು ಡಬ್ಬ ಮುಟ್ಟಲೇ ಇಲ್ಲ. ಮೊದಲು ಕಥೆ ಕೇಳಿದರು.

‘ಗುಜರಿ ಡಬ್ಬ ಹಾಕಿದಾಗ ಲೈಟ್ ಬಂತಾ?’

‘ಬಂತು ಅಂಕಲ್.’

‘ಪಂಪು?’

‘ಅದೂ ಬಂತು.’

‘ಮತ್ತೆ ನಾಲ್ಕು ಸಾವಿರ ಪೂರ್ತಿ ಎಲ್ಲಿ ಹಾಳಾಯ್ತಪ್ಪಾ? ವೈರು, ರಿಲೇ, ಅರ್ತಿಂಗು ಎಲ್ಲ ಸರಿ ಇದೆ, ತೊಂದ್ರೆ ನಿಮ್ಮ ಡಬ್ಬದೊಳಗೇ ಇದೆ ಅಂತ ಅದು ಹೇಳಿಕೊಟ್ಟಿದೆಯಲ್ಲ!’

ನಾನು ಪೆಚ್ಚಾದೆ. ಕಣ್ಣೆದುರೇ ನಡೆದದ್ದನ್ನು ನಾನು ಸೋಲು ಎಂದಷ್ಟೇ ನೋಡಿದ್ದೆ. ಅವರು ಅದನ್ನೇ ಅಳತೆಯಾಗಿ ನೋಡಿದರು. ಮುಂದಿನ ಪ್ರಶ್ನೆ ಇನ್ನೂ ಕಷ್ಟದ್ದು. ‘ಶುರುವಿನಲ್ಲಿ ಯಾವಾಗ ಕೈಕೊಡ್ತಿತ್ತು?’

‘ಒಂದೊಂದ್ಸಲ’ ಎಂದೆ.

‘ಒಂದೊಂದ್ಸಲ ಅನ್ನೋದು ಉತ್ತರ ಅಲ್ಲ. ಗಾಡಿ ಓಡಿಸೋರನ್ನ ಕೇಳ್ಕೊಂಡು ಬಾ.’

ಕೇಳಿದಾಗ ಅಪ್ಪ ಮಾತಾಡಲಿಲ್ಲ. ಎದ್ದು ಹೋಗಿ ಸಂತೆ ಲೆಕ್ಕದ ಪುಸ್ತಕ ತಂದಿಟ್ಟರು. ಪ್ರತಿ ಸಂತೆಯ ವ್ಯಾಪಾರದ ಪಕ್ಕ ಮನೆ ಬಿಟ್ಟ ಹೊತ್ತು ಬರೆಯುವುದು ಅವರ ರೂಢಿ. ತಡವಾದರೆ ವ್ಯಾಪಾರ ಎಷ್ಟು ಬೀಳುತ್ತದೆ ಎಂದು ನೋಡುವುದಕ್ಕೆ. ಡಿಸೆಂಬರಿನಿಂದ ಹನ್ನೊಂದು ದಿನ ತಡ. ಹೆಚ್ಚಿನವು ಒಂಬತ್ತು, ಒಂಬತ್ತೂವರೆ. ಒಂದು ದಿನ ಮಾತ್ರ ಹನ್ನೊಂದೂಕಾಲು. ಪಕ್ಕದಲ್ಲಿ ‘ಮೋಡ’ ಎಂದಿತ್ತು. ಇನ್ನೊಂದು ದಿನ ಹತ್ತೂವರೆ. ‘ಹೊಂಗೆ ಮರದ ಕೆಳಗೆ ನಿಲ್ಲಿಸಿದ್ದು’ ಎಂದಿತ್ತು. ಸಂಜೆ ವಾಪಸ್ ಬರುವಾಗ ಒಂದು ದಿನವೂ ತೊಂದರೆಯಾಗಿರಲಿಲ್ಲ.

ನಾಲ್ಕು ಸೆಮಿಸ್ಟರ್ ಲ್ಯಾಬ್ ರೆಕಾರ್ಡ್ ಬರೆದಿದ್ದ ನಾನು ನನ್ನದೇ ಮನೆಯ ಕಾರಿನ ಬಗ್ಗೆ ಒಂದು ಸಾಲೂ ಬರೆದಿಟ್ಟಿರಲಿಲ್ಲ. ಏಳನೇ ತರಗತಿಗೆ ಶಾಲೆ ಬಿಟ್ಟ ಅಪ್ಪನ ಪುಸ್ತಕದಲ್ಲಿ ಪೂರ್ತಿ ರೀಡಿಂಗ್ ಇತ್ತು.

ಪುಸ್ತಕ ನೋಡಿದ ಅಂಕಲ್ ನಕ್ಕರು. ‘ಚಳಿಗೆ ಏಳಲ್ಲ, ಬಿಸಿ ತಾಗಿದ್ರೆ ಏಳುತ್ತೆ. ಕಂಡೆನ್ಸರ್ ಒಣಗಿದೆ. ಬಿಚ್ಚು.’

ಮೀನಿನ ವಾಸನೆ

ಹಳಬರು ಕಂಡೆನ್ಸರ್ ಎನ್ನುವುದನ್ನು ನಾವು ಕೆಪಾಸಿಟರ್ ಎಂದು ಓದುತ್ತೇವೆ. ಬೋರ್ಡಿನ ಮೇಲೆ ಪುಟ್ಟ ಪೀಪಾಯಿಯಂತೆ ನಿಂತಿರುವ ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನೊಳಗೆ ಅಲ್ಯುಮಿನಿಯಂ ಹಾಳೆಗಳ ಸುರುಳಿ, ನಡುವೆ ದ್ರವದಲ್ಲಿ ನೆನೆದ ಕಾಗದ, ಕೆಳಗೆ ರಬ್ಬರ್ ಬಿರಡೆ ಇರುತ್ತವೆ. ಕಾರಿನ ವಿದ್ಯುತ್ತು ಒಂದೇ ಸಮನಾಗಿರುವುದಿಲ್ಲ. ಎಂಜಿನ್ ಓಡುವಾಗ 14 ವೋಲ್ಟ್ ಆಸುಪಾಸು. ಸೆಲ್ಫ್ ಹೊಡೆಯುವಾಗ ಹತ್ತಕ್ಕೋ ಇನ್ನೂ ಕೆಳಕ್ಕೋ ಕುಸಿಯುತ್ತದೆ. ಇಸಿಯು ಒಳಗಿನ ಚಿಪ್ಪಿಗೆ ಮಾತ್ರ ಅಲುಗದ 5 ವೋಲ್ಟ್ ಬೇಕು. ಆ ಏರಿಳಿತವನ್ನು ನುಂಗಿಕೊಳ್ಳುವುದು ಈ ಕೆಪಾಸಿಟರುಗಳ ಕೆಲಸ.

ವರ್ಷಗಟ್ಟಲೆ ಬಿಸಿಗೆ ಒಳಗಿನ ದ್ರವ ಮೆಲ್ಲಗೆ ಆರುತ್ತದೆ. ಬಿಸಿ 10 ಡಿಗ್ರಿ ಹೆಚ್ಚಾದರೆ ಆಯುಸ್ಸು ಅರ್ಧ, 10 ಡಿಗ್ರಿ ಕಡಿಮೆಯಾದರೆ ಎರಡರಷ್ಟು ಎನ್ನುವುದು ಎಂಜಿನಿಯರುಗಳ ಬಾಯಿಲೆಕ್ಕ. 105 ಡಿಗ್ರಿಗೆ 2000 ಗಂಟೆ ಬಾಳುವ ಕೆಪಾಸಿಟರ್ 65 ಡಿಗ್ರಿಯಲ್ಲಿ ಸುಮಾರು 32,000 ಗಂಟೆ ಬಾಳಬಹುದು. ಅದಾದರೂ ಕೊನೆಯಿಲ್ಲದ್ದಲ್ಲ. ಇನ್ನು ಚಳಿಯ ವಿಷಯ. ದ್ರವ ತಣ್ಣಗಾದಷ್ಟೂ ಅದರೊಳಗೆ ವಿದ್ಯುತ್ ಹರಿಯುವುದಕ್ಕೆ ಅಡ್ಡಿ ಹೆಚ್ಚು. ಹೊಸ ಕೆಪಾಸಿಟರಿಗೆ ನಮ್ಮೂರ ಚಳಿ ಲೆಕ್ಕಕ್ಕಿಲ್ಲ. ಅರೆ ಒಣಗಿದ್ದಕ್ಕೆ ಅದೇ ಸಾಕು. ಬೆಳಗಿನ ಜಾವ ಬ್ಯಾಟರಿಯೂ ಮಂಕು, ಕೆಪಾಸಿಟರೂ ಮಂಕು. 5 ವೋಲ್ಟ್ ಸಿಗದಿದ್ದರೆ ಚಿಪ್ ಕೆಲಸ ಆರಂಭಿಸುವುದೇ ಇಲ್ಲ. ಬಿಸಿಲಿಗೆ ಡ್ಯಾಶ್‌ಬೋರ್ಡ್ ಕಾದರೆ ಎಲ್ಲ ಸರಿ. ಅಪ್ಪ ಪೂರ್ವಕ್ಕೆ ಮೂತಿ ಮಾಡಿ ನಿಲ್ಲಿಸುತ್ತಿದ್ದುದು ಮೂಢನಂಬಿಕೆಯಲ್ಲ, ಸರಿಯಾದ ಚಿಕಿತ್ಸೆಯೇ ಆಗಿತ್ತು.

ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದಾಗ ಹಳಸಿದ ಮೀನಿನಂಥ ವಾಸನೆ ಬಂತು. ಸೋರಿದ ದ್ರವದ ವಾಸನೆ ಅದು. ಮೂರು ಕೆಪಾಸಿಟರುಗಳ ಬುಡದಲ್ಲಿ ಹಸಿರು ಕಿಲುಬು. ಬ್ಯಾಟರಿಯಿಂದ ವಿದ್ಯುತ್ ಕೊಟ್ಟು, ನಡುವೆ ಇಂಡಿಕೇಟರ್ ಬಲ್ಬೊಂದನ್ನು ಸೇರಿಸಿದೆವು. ಒಳಗೆ ಎಲ್ಲಾದರೂ ಶಾರ್ಟ್ ಇದ್ದರೆ ಬೋರ್ಡ್ ಸುಡುವ ಬದಲು ಬಲ್ಬು ಜೋರಾಗಿ ಉರಿಯುತ್ತದೆ. ಬಲ್ಬು ಉರಿಯಲಿಲ್ಲ. ಮಲ್ಟಿಮೀಟರ್ ಇಟ್ಟರೆ 5 ವೋಲ್ಟ್ ಇರಬೇಕಾದಲ್ಲಿ 2.8, ಅದೂ ನಿಲ್ಲದೆ ಕುಣಿಯುತ್ತಿತ್ತು.

ಹಳೆಯ ಕೆಪಾಸಿಟರ್ ತೆಗೆಯುವ ಕೆಲಸ ನಾನೇ ಮಾಡುತ್ತೇನೆಂದೆ. ಮೊದಲನೆಯದರಲ್ಲೇ ಎಡವಟ್ಟಾಯಿತು. ಬೆಸುಗೆ ಕರಗಲಿಲ್ಲವೆಂದು ಸೋಲ್ಡರಿಂಗ್ ಐರನ್ ಒತ್ತಿ ಹಿಡಿದೆ. ಬೆಸುಗೆಯ ಜೊತೆಗೆ ಬೋರ್ಡಿನ ತಾಮ್ರದ ಬಿಲ್ಲೆಯೇ ಎದ್ದು ಬಂತು. ಕೈ ನಡುಗಿತು. ಅಂಕಲ್ ಬೈಯಲಿಲ್ಲ. ‘ಹಳೇ ಬೆಸುಗೆ ಹಟ ಮಾಡುತ್ತೆ. ಮೊದಲು ಅದರ ಮೇಲೆ ಸ್ವಲ್ಪ ಹೊಸ ಸೋಲ್ಡರ್ ಹಾಕು. ಎರಡೂ ಸೇರಿ ಬೇಗ ಕರಗುತ್ತೆ’ ಎಂದರು. ಉಳಿದ ಎರಡು ಬೆಣ್ಣೆಯಂತೆ ಬಂದವು. ಇಷ್ಟು ಸಣ್ಣ ವಿಷಯ ಎರಡು ವರ್ಷದ ಲ್ಯಾಬಿನಲ್ಲಿ ನನಗೆ ತಿಳಿದಿರಲಿಲ್ಲ. ಲ್ಯಾಬಿನಲ್ಲಿ ನಾವು ಜೋಡಿಸುವುದೆಲ್ಲ ಹೊಸ ಬಿಡಿಭಾಗಗಳನ್ನು. ಇಪ್ಪತ್ತು ವರ್ಷ ದುಡಿದ ಬೋರ್ಡನ್ನು ಬಿಚ್ಚುವ ಪ್ರಯೋಗ ನಮ್ಮ ರೆಕಾರ್ಡಿನಲ್ಲಿಲ್ಲ.

ಕಿಲುಬನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತೊಳೆದೆವು. ಆಗ ಇನ್ನೊಂದು ಗುಟ್ಟು ಬಯಲಾಯಿತು. ಕೂದಲೆಳೆಯಷ್ಟು ಸಣ್ಣ ತಾಮ್ರದ ಗೆರೆಯೊಂದನ್ನು ಸೋರಿದ ದ್ರವ ತಿಂದುಹಾಕಿತ್ತು. ಸಂಕ್ರಾಂತಿಯ ನಂತರ ಬಿಸಿಲಿಗೂ ಕಾರು ಏಳದಿದ್ದುದಕ್ಕೆ ಅದೇ ಕಾರಣ. ಮಲ್ಟಿಮೀಟರಿನ ಬೀಪ್ ಸದ್ದು ಹಿಡಿದು ತುಂಡಾದ ಜಾಗ ಹುಡುಕಿ, ಸಣ್ಣ ವೈರಿನಿಂದ ಸೇತುವೆ ಕಟ್ಟಿದೆವು. ನಾನು ಕಿತ್ತ ಬಿಲ್ಲೆಯ ಜಾಗಕ್ಕೂ ಅದೇ ಮದ್ದು. ಹೊಸ ಕೆಪಾಸಿಟರುಗಳನ್ನು ಬೆಂಗಳೂರಿನಲ್ಲಿ ಓದುವ ಗೆಳೆಯ ಎಸ್.ಪಿ. ರಸ್ತೆಯಿಂದ ಕಳಿಸಿದ್ದ. ಅವೇ ಮೈಕ್ರೊಫ್ಯಾರಡ್, ಅಷ್ಟೇ ಅಥವಾ ಹೆಚ್ಚಿನ ವೋಲ್ಟ್, 105 ಡಿಗ್ರಿಯವು. ಮೂರಕ್ಕೆ 60 ರೂಪಾಯಿ. ಆಲ್ಕೊಹಾಲು, ಫ್ಲಕ್ಸು, ಸೋಲ್ಡರ್ ವಿಕ್ ಎಲ್ಲ ಸೇರಿ ನಾನೂರು ದಾಟಲಿಲ್ಲ. ಅಂಕಲ್ ದುಡ್ಡು ಮುಟ್ಟಲಿಲ್ಲ. ‘ಪಾಸಾದ ಮೇಲೆ ನನಗೊಂದು ಒಳ್ಳೆ ಮೀಟರ್ ಕೊಡ್ಸು’ ಎಂದರು. ಮತ್ತೆ ವಿದ್ಯುತ್ ಕೊಟ್ಟಾಗ ಮೀಟರಿನಲ್ಲಿ 4.98. ಕುಣಿತವಿಲ್ಲ.

ನೀವೂ ಕೈಹಾಕುವ ಮುನ್ನ

ಇದನ್ನು ಓದಿ ಯಾರಾದರೂ ಸ್ಕ್ರೂಡ್ರೈವರ್ ಹಿಡಿಯುವುದಾದರೆ ನಾನು ಕಲಿತ ನಾಲ್ಕು ಮಾತು. ಇಸಿಯು ಮೇಲೆ ಅನುಮಾನ ಬಂದ ಕೂಡಲೇ ಅದನ್ನು ಬಿಚ್ಚಬೇಡಿ. ಅದಕ್ಕೆ ಬರುವ ವಿದ್ಯುತ್ತು, ಅರ್ತಿಂಗು, ಫ್ಯೂಸು, ರಿಲೇ, ಪ್ಲಗ್ಗಿನ ಪಿನ್ನು ಇವನ್ನು ಮೊದಲು ಅಳೆಯಿರಿ. ಎಷ್ಟೋ ಸಲ ತೊಂದರೆ ಅಲ್ಲೇ ಮುಗಿಯುತ್ತದೆ. ಕೀಲಿ ಆನ್ ಇರುವಾಗ ಇಸಿಯು ಪ್ಲಗ್ ಕೀಳಬೇಡಿ. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿಯೇ ಕೆಲಸ ಶುರುಮಾಡಿ. ಬೋರ್ಡಿನ ಫೋಟೊ ತೆಗೆದುಕೊಳ್ಳಿ. ಕೆಪಾಸಿಟರಿನ ಮೈಮೇಲಿನ ಪಟ್ಟಿ ನೆಗೆಟಿವ್ ಕಡೆಯದು, ಅದು ತಿರುಗುಮುರುಗಾದರೆ ಕೆಪಾಸಿಟರ್ ಸಿಡಿಯಬಹುದು. ಏರ್‌ಬ್ಯಾಗ್, ಬ್ರೇಕಿಗೆ ಸಂಬಂಧಿಸಿದ ಡಬ್ಬಗಳ ತಂಟೆಗಂತೂ ಹೋಗಲೇಬೇಡಿ. ಅಲ್ಲಿ ತಪ್ಪಿದರೆ ಹೋಗುವುದು ಬರೀ ದುಡ್ಡಲ್ಲ.

ಎಲ್ಲ ಇಸಿಯುಗಳೂ ಹೀಗೆ ಬದುಕಿಕೊಳ್ಳುವುದಿಲ್ಲ. ಒಳಗಿನ ಮುಖ್ಯ ಚಿಪ್ಪೇ ಸುಟ್ಟಿದ್ದರೆ ಅಂಕಲ್ ಕೂಡ ಕೈಚೆಲ್ಲುತ್ತಿದ್ದರು. ಆದರೆ ನಮ್ಮದರಲ್ಲಿ ಕೀಲಿಯನ್ನು ಗುರುತಿಸುವ ಚಿಪ್ ಗಟ್ಟಿಯಾಗಿಯೇ ಇತ್ತು. 22 ಸಾವಿರದ ಡಬ್ಬದಲ್ಲಿ ಸತ್ತಿದ್ದುದು 60 ರೂಪಾಯಿಯ ಭಾಗ.

ಆ ದಿನ ಮಧ್ಯಾಹ್ನ ಮೂರಕ್ಕೆ ಕಾರು ಸ್ಟಾರ್ಟ್ ಆಯಿತು. ಓಡಿಹೋಗಿ ಹೇಳಿದೆ. ಅಂಕಲ್ ಕನ್ನಡಕದ ಮೇಲಿನಿಂದ ನೋಡಿದರು. ‘ಮಧ್ಯಾಹ್ನ ಅದು ಮೊದಲೂ ಆಗ್ತಿತ್ತಲ್ಲ? ರೋಗ ಬರೋ ಹೊತ್ತಲ್ಲಿ ನೋಡಬೇಕು. ನಾಳೆ ಐದು ಗಂಟೆಗೆ ಆದ್ರೆ ಬಂದು ಹೇಳು.’

ಶಿವರಾತ್ರಿಗೆ ಇನ್ನೂ ಹತ್ತು ದಿನವಿತ್ತು, ಚಳಿ ಪೂರ್ತಿ ಹೋಗಿರಲಿಲ್ಲ. ರಾತ್ರಿ ಕಾರನ್ನು ಬೇಕೆಂದೇ ಹೊಂಗೆ ಮರದ ಕೆಳಗೆ ಪಶ್ಚಿಮಕ್ಕೆ ಮುಖ ಮಾಡಿ ನಿಲ್ಲಿಸಿದೆ. ನಿದ್ದೆ ಬರಲಿಲ್ಲ. ಐದಕ್ಕೆ ಅಪ್ಪ ಆರೂ ಗಂಟು ತುಂಬಿದರು. ಗಾಜಿನ ಮೇಲೆ ಇಬ್ಬನಿ ಕುಳಿತಿತ್ತು. ಕೀಲಿಯನ್ನು ಆನ್ ಸ್ಥಾನಕ್ಕೆ ತಂದು ಕೈ ತಡೆದರು. ಚೆಕ್ ಲೈಟ್ ಹೊತ್ತಿತು. ಹಿಂದಿನಿಂದ ‘ಜುಯ್’ ಎಂಬ ಸದ್ದು. ಸೆಲ್ಫ್ ಒಂದು ಸುತ್ತು ತಿರುಗುವಷ್ಟರಲ್ಲಿ ಎಂಜಿನ್ ಹತ್ತಿಕೊಂಡಿತು.

ಅಪ್ಪ ಏನಾದರೂ ಹೇಳುತ್ತಾರೆಂದು ಕಿಟಕಿಯ ಬಳಿ ನಿಂತೆ. ‘ಗೇಟ್ ಹಾಕ್ಕೋ’ ಎಂದು ಹೊರಟುಹೋದರು.

ಸಂಜೆ ಅವರು ಸ್ನಾನಕ್ಕೆ ಹೋದಾಗ ಲೆಕ್ಕದ ಪುಸ್ತಕ ತೆರೆದು ನೋಡಿದೆ. ಅಂದಿನ ವ್ಯಾಪಾರದ ಪಕ್ಕ ‘5.10’ ಎಂದಿತ್ತು. ಅದರ ಮುಂದೆ ‘ಮರದ ಕೆಳಗೆ’ ಎಂದೂ ಬರೆದಿದ್ದರು.